ಇಪ್ಪತ್ತನೆಯ ತಾರೀಖಿನ ಮುಂಗಡ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಗಾರದ ಲೆಕ್ಕ ಬರೆಯುವುದು ನನ್ನ ಕೆಲಸ. ತಿಂಗಳ ಇಪ್ಪತ್ತನೆಯ ತಾರೀಖು ದಾಟಿತೆಂದರೆ ಮುಂಗಡದ ಅರ್ಜಿಗಳು ಬರತೊಡಗುತ್ತವೆ. ಅರ್ಜಿ ಕೊಡುವವರು ಹೆಚ್ಚಾಗಿ ಅದೇ ಜನ, ಕೇಳುವ ಮೊತ್ತವೂ ಹೆಚ್ಚುಕಡಿಮೆ ಅದೇ. ಇಂಥವರನ್ನು ದುಂದುಗಾರರೆಂದು ಹಗುರವಾಗಿ ಆಡಿಕೊಳ್ಳುವವರಿದ್ದಾರೆ. ಪಗಾರಪಟ್ಟಿಯನ್ನು ವರ್ಷಗಟ್ಟಲೆ ಬರೆದ ನನಗೆ ಆ ಮಾತು ಅನ್ಯಾಯವೆಂದೇ ತೋರುತ್ತದೆ.

ಪಗಾರ 22,000 ರೂಪಾಯಿ, ಖರ್ಚೂ ಅಷ್ಟೇ ಇರುವ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜೂನ್‌ನಲ್ಲಿ ಮಗಳ ಶಾಲೆಯ ಫೀಗಾಗಿ 4,000 ಮುಂಗಡ ಪಡೆದರೆ, ಆ ತಿಂಗಳ ಪಗಾರದಲ್ಲಿ ಅಷ್ಟನ್ನೂ ಮುರಿದುಕೊಂಡು ಜುಲೈ ಮೊದಲ ವಾರದಲ್ಲಿ ಕೈಗೆ ಕೊಡುವುದು 18,000 ಮಾತ್ರ. ಮನೆಯ ಖರ್ಚು ಇಳಿದಿರುವುದಿಲ್ಲವಾದ್ದರಿಂದ ಜುಲೈ ಕೊನೆಗೆ ಮತ್ತೆ 4,000 ಬೇಕಾಗುತ್ತದೆ, ಆಗಸ್ಟ್‌ನಲ್ಲೂ ಅಷ್ಟೇ ಬೇಕಾಗುತ್ತದೆ. ವರ್ಷ ತುಂಬುವ ಹೊತ್ತಿಗೆ ಆತ ಹನ್ನೆರಡು ಸಲ ಕೈ ಚಾಚಿದಂತೆ ಕಾಣುತ್ತದೆಯಾದರೂ, ನಿಜವಾಗಿ ಆ ಮನೆಗೆ ಕಡಿಮೆ ಬಿದ್ದದ್ದು ಒಂದೇ ಸಲ, ಅದೂ ನಾಲ್ಕೇ ಸಾವಿರ. ಆ ಒಂದು ಕೊರತೆಯೇ ತಿಂಗಳಿಂದ ತಿಂಗಳಿಗೆ ಸಾಗುತ್ತ, ಪ್ರತಿ ಸಲವೂ ಹೊಸ ಸಂಕಟದಂತೆ ಎದುರಿಗೆ ನಿಲ್ಲುತ್ತದೆ.

ಇದನ್ನು ಅರಿತುಕೊಂಡರೆ ದಾರಿಯೂ ಕಾಣುತ್ತದೆ. ಮನೆಯ ಖರ್ಚನ್ನು 500 ರೂಪಾಯಿಯಷ್ಟು ಇಳಿಸಿ ಅಲ್ಲೇ ನಿಲ್ಲಿಸಿದರೆ, ಜುಲೈಯಲ್ಲಿ 3,500, ಆಗಸ್ಟ್‌ನಲ್ಲಿ 3,000, ಹೀಗೆ ಮುಂಗಡ ಕರಗುತ್ತ ಬಂದು ಫೆಬ್ರುವರಿಯಲ್ಲಿ ಯಾರನ್ನೂ ಕೇಳಬೇಕಾಗುವುದಿಲ್ಲ. ಒಂದೇ ತಿಂಗಳಲ್ಲಿ ಎಲ್ಲ ತೀರಿಸಿಬಿಡುವೆನೆಂದು ಹಟ ಹಿಡಿದವರು ಮರುತಿಂಗಳೇ ಕಿರಾಣಿ ಅಂಗಡಿಯ ಉದ್ರಿಗೆ ಬೀಳುವುದನ್ನು ಕಂಡಿದ್ದೇನೆ; ಎಂಟು ತಿಂಗಳ ತಾಳ್ಮೆಯೇ ಇಲ್ಲಿ ಮೇಲು.

ಮುಂಗಡಕ್ಕೆ ಬಡ್ಡಿಯಿಲ್ಲ, ಗೆಳೆಯರ ಕೈಗಡಕ್ಕೂ ಬಹುಮಟ್ಟಿಗೆ ಇರುವುದಿಲ್ಲ. ಆದರೆ ಅದೇ 4,000ವನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಲ್ಲಿ ತಂದಿದ್ದರೆ ತಿಂಗಳಿಗೆ 120, ವರ್ಷಕ್ಕೆ 1,440 ರೂಪಾಯಿ ಕೊಟ್ಟ ಮೇಲೂ ಅಸಲು ಹಾಗೆಯೇ ಉಳಿದಿರುತ್ತದೆ. ಕ್ರೆಡಿಟ್ ಕಾರ್ಡಿನ ಬಿಲ್ಲಿಗೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿ ಮುಂದೂಡುವವರು ತೆರುವ ಬಡ್ಡಿಯೂ ಅನೇಕ ಸಲ ಇದಕ್ಕಿಂತ ಕಡಿಮೆಯಿರುವುದಿಲ್ಲ. ಆದ್ದರಿಂದ ಉಳಿಸಿದ 500 ಮೊದಲು ಬಡ್ಡಿ ತಿನ್ನುವ ಸಾಲಕ್ಕೇ ಹೋಗಬೇಕು. ಸಾಲ ದೊಡ್ಡದಿದ್ದರೆ ನೌಕರರ ಪತ್ತಿನ ಸಹಕಾರ ಸಂಘದಲ್ಲಿ ಕಡಿಮೆ ಬಡ್ಡಿಯ ಸಾಲ ಪಡೆದು ಇದನ್ನು ತೀರಿಸುವುದು ಒಳ್ಳೆಯದು. ನಮ್ಮ ನೆರೆಯ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ರೈತರು ಸಾಹುಕಾರರ ಬಡ್ಡಿಗೆ ಸಿಲುಕಬಾರದೆಂಬ ಕಾಳಜಿಯಿಂದ. ಆ ಕಾಳಜಿ ಇಂದಿನ ಪಗಾರದಾರನಿಗೂ ಸಲ್ಲುತ್ತದೆ. ಆದರೆ ಉಳಿತಾಯದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಬ್ಯಾಂಕುಗಳ ಠೇವಣಿಗೆ, ಸಹಕಾರಿ ಬ್ಯಾಂಕುಗಳದ್ದೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ, ಪತ್ತಿನ ಸಂಘಗಳ ಠೇವಣಿಗೆ ಅದಿಲ್ಲ. ಸಾಲವನ್ನು ಸಂಘದಲ್ಲಿ ಪಡೆಯಿರಿ, ಉಳಿತಾಯವನ್ನು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇಡಿರಿ ಎಂದೇ ನಾನು ಕೇಳಿದವರಿಗೆ ಹೇಳುತ್ತೇನೆ.

ಹಳೆಯ ಕೊರತೆ ತೀರಿದರೆ ಸಾಲದು, ಹೊಸದು ಹುಟ್ಟದಂತೆಯೂ ನೋಡಿಕೊಳ್ಳಬೇಕು. ಅರ್ಜಿಗಳಲ್ಲಿ ಕಾರಣವೆಂದು ಬರೆಯುವುದು ಬಹುತೇಕ ಮೊದಲೇ ಗೊತ್ತಿರುವ ಖರ್ಚುಗಳನ್ನೇ: ಜೂನ್‌ನ ಶಾಲೆ ಫೀ, ಶ್ರಾವಣದಲ್ಲಿ ನಾಗರ ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ, ದೀಪಾವಳಿ, ಬೈಕಿನ ವಿಮೆ, ಊರ ಜಾತ್ರೆ. ಇವೆಲ್ಲ ಸೇರಿ ವರ್ಷಕ್ಕೆ 24,000 ಆಗುವುದಾದರೆ ತಿಂಗಳಿಗೆ 2,000ವನ್ನು ಪಗಾರ ಬಂದ ದಿನವೇ ತೆಗೆದಿಡಬೇಕು, ಇದನ್ನು ಉಳಿತಾಯವೆನ್ನದೆ ಖರ್ಚೆಂದೇ ಬರೆದುಕೊಳ್ಳಬೇಕು. ಅಂಚೆ ಕಚೇರಿಯ ಆರ್.ಡಿ. (ತಿಂಗಳ ಕಂತಿನ ಠೇವಣಿ) ತಿಂಗಳಿಗೆ 100 ರೂಪಾಯಿಯಿಂದಲೇ ಆರಂಭವಾಗುತ್ತದೆಯಾದರೂ ಅದರ ಅವಧಿ ಐದು ವರ್ಷ; ವರ್ಷದೊಳಗೆ ಬೇಕಾಗುವ ಹಣಕ್ಕೆ ಬ್ಯಾಂಕಿನ ಹನ್ನೆರಡು ತಿಂಗಳ ಆರ್.ಡಿ.ಯೇ ಹೊಂದುತ್ತದೆ. ದುರ್ಗದ ಬೈಲಿನ ವ್ಯಾಪಾರಿಗಳಂತೆ ದಿನದ ಗಳಿಕೆಯವರಿಗೆ ದಿನವೂ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ ಠೇವಣಿ ಅನುಕೂಲ. ಗೃಹಲಕ್ಷ್ಮಿಯ 2,000 ಬರುವ ಮನೆಯಲ್ಲಿ, ಅದು ತಡವಾಗಿಯೂ ಬರಬಹುದಾದ್ದರಿಂದ, ತಿಂಗಳ ಖರ್ಚಿಗೆ ನೆಚ್ಚಿಕೊಳ್ಳದೆ ಬಂದಾಗ ಹೀಗೆ ತೆಗೆದಿಡುವ ವರ್ಷದ ಖರ್ಚಿನ ಲೆಕ್ಕಕ್ಕೇ ಸೇರಿಸುವುದು ಕ್ಷೇಮ.

ದುಡಿಯುವವನಿಗೇ ಏನಾದರೂ ಆದರೆ ಮಾತ್ರ ಯಾವ ಆರ್.ಡಿ.ಯೂ ಸಾಲದು. ಬ್ಯಾಂಕ್ ಖಾತೆಯಿಂದಲೇ ಕಂತು ಮುರಿದುಕೊಳ್ಳುವ ಕೇಂದ್ರ ಸರ್ಕಾರದ ಎರಡು ವಿಮೆಗಳಿವೆ: ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತದ ಸಾವಿಗೆ, 436 ರೂಪಾಯಿಯ ಜೀವನ ಜ್ಯೋತಿ ಬಿಮಾ ಸಾವಿಗೆ ತಲಾ 2 ಲಕ್ಷ ಕೊಡುತ್ತವೆ. ಇವೆರಡರ ಅವಧಿ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆ ಖಾಲಿಯಿದ್ದರೆ ವಿಮೆ ನವೀಕರಣವಾಗದೆ ನಿಂತುಹೋಗುತ್ತದೆ. ತಿಂಗಳ ಕೊನೆಗೆ ಖಾತೆ ಬರಿದಾಗುವವರೇ ಹೀಗೆ ವಿಮೆ ಕಳೆದುಕೊಳ್ಳುವುದು ಬಹಳ ನೋವಿನ ಸಂಗತಿ.

ಬಾಡಿಗೆ, ಜೋಳ, ಔಷಧಿಗಳಿಗೇ ಪಗಾರ ಸಾಲದ ಮನೆಯಲ್ಲಿ 500 ಉಳಿಸಿರೆಂದು ಹೇಳುವ ಅಧಿಕಾರ ನನಗಿಲ್ಲ. ಅಲ್ಲಿ ಕೊರತೆ ನಿಜವಾಗಿಯೂ ಪ್ರತಿ ತಿಂಗಳಿನದು, ಅದನ್ನು ತುಂಬಬೇಕಾದದ್ದು ಪಗಾರದ ಏರಿಕೆ. ಉಳಿದವರ ಮಟ್ಟಿಗೆ ಕಾರ್ಖಾನೆಗಳೇ ಮಾಡಬಹುದಾದದ್ದು ಒಂದಿದೆ. ಮುಂಗಡವನ್ನು ಮರುತಿಂಗಳು ಇಡಿಯಾಗಿ ಮುರಿದುಕೊಳ್ಳುವ ಪದ್ಧತಿಯೇ ಕಾರ್ಮಿಕನನ್ನು ಮತ್ತೆ ನಮ್ಮ ಬಾಗಿಲಿಗೆ ತರುತ್ತದೆ. ಅದರ ಬದಲು 4,000ವನ್ನು 500ರ ಎಂಟು ಕಂತುಗಳಲ್ಲಿ ಮುರಿದುಕೊಳ್ಳಬೇಕು, ನಡುವೆ ದೀಪಾವಳಿಯ ಬೋನಸ್ ಬಂದರೆ ಕಾರ್ಮಿಕನ ಒಪ್ಪಿಗೆ ಪಡೆದು ಬಾಕಿಯನ್ನು ಅದರಲ್ಲೇ ತೀರಿಸಬೇಕು ಎಂದು ನಮ್ಮ ಆಡಳಿತದವರಿಗೆ ಲೆಕ್ಕದ ಸಮೇತ ಬರೆದು ಕೊಟ್ಟಿದ್ದೇನೆ. ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಪಗಾರಪಟ್ಟಿ ಬರೆಯುವ ಗೆಳೆಯರೂ ತಮ್ಮ ತಮ್ಮಲ್ಲಿ ಈ ಲೆಕ್ಕವನ್ನು ಮುಂದಿಡಬೇಕೆಂದು ಕೇಳಿಕೊಳ್ಳುತ್ತೇನೆ.