ಈ ವಯಸ್ಸಲ್ಲಿ ಡಿಗ್ರಿ ಯಾಕೆ?

ಜೂನ್ 14, 2025, ಶನಿವಾರ

ಕಾಲೇಜಿನ ಅರ್ಜಿ ತುಂಬಿ ಆಯ್ತು. ‘ಯಾಕೆ ಓದಬೇಕು ಅಂದುಕೊಂಡಿದ್ದೀರಿ?’ ಅನ್ನುವ ಖಾನೆ ಮಾತ್ರ ಖಾಲಿ. “ಸಂಬಳ ಜಾಸ್ತಿ ಆಗ್ಲಿ ಅಂತ ಬರಿ, ಅದರಲ್ಲೇನು ನಾಚ್ಕೆ?” ಅಂದಳು ಅಕ್ಕ. ನಾಚಿಕೆ ಏನಿಲ್ಲ. ಆದರೆ ದುಡ್ಡೇ ಕಾರಣವಾದರೆ ಲೆಕ್ಕ ಸರಿಯಾಗಿ ಹಾಕಬೇಕಲ್ವಾ?

ಫೀಸು ಕಣ್ಣಿಗೆ ಕಾಣುವ ಖರ್ಚು. ಕೆಲಸ ಬಿಟ್ಟು ಓದಿದರೆ ಅಷ್ಟೂ ವರ್ಷದ ಸಂಬಳ ಹೋಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಮೇಲೆ ಸಾಲ. 100 ಸಾಲ ಮಾಡಿ, ವರ್ಷಕ್ಕೆ ಶೇ. 10ರ ಬಡ್ಡಿ ಅಸಲಿಗೇ ಸೇರುತ್ತಾ ಹೋದರೆ, 4 ವರ್ಷಕ್ಕೆ ಅದು 146. ಹೊಸ ಕೆಲಸದ ಮೊದಲ ಸಂಬಳ ಬರುವ ಮುಂಚೆಯೇ! ಅದೂ ಅಲ್ಲದೆ ಇಪ್ಪತ್ತೆರಡಕ್ಕೆ ಡಿಗ್ರಿ ಮುಗಿಸಿದವರಿಗೆ ಅದರ ಲಾಭ ಪಡೆಯಲು ಮುಂದೆ ಬೇಕಾದಷ್ಟು ವರ್ಷ ಇರುತ್ತದೆ. ನನಗೆ ಅಷ್ಟಿಲ್ಲ.

ಓದಿದವರಿಗೆ ಸಂಬಳ ಯಾಕೆ ಜಾಸ್ತಿ ಅನ್ನುವುದಕ್ಕೆ ಅರ್ಥಶಾಸ್ತ್ರದಲ್ಲಿ ಎರಡು ಉತ್ತರ ಇವೆ. ಓದು ಒಂದು ಬಂಡವಾಳ, ಕಲಿತವರು ಹೆಚ್ಚು ಕೆಲಸಕ್ಕೆ ಬರುತ್ತಾರೆ ಅಂದರು ಗ್ಯಾರಿ ಬೆಕರ್. ಮೈಕೆಲ್ ಸ್ಪೆನ್ಸ್ 1973ರಲ್ಲಿ ಬೇರೆಯೇ ಹೇಳಿದರು: ಕೆಲಸ ಕೊಡುವವರಿಗೆ ಎದುರಿಗಿರುವವರ ಯೋಗ್ಯತೆ ಮೊದಲೇ ಗೊತ್ತಾಗುವುದಿಲ್ಲ, ಡಿಗ್ರಿ ನೋಡಿ ಅಂದಾಜು ಮಾಡುತ್ತಾರೆ. ಇಬ್ಬರಿಗೂ ನೊಬೆಲ್ ಬಂತು, ಒಬ್ಬರಿಗೆ 1992ರಲ್ಲಿ, ಇನ್ನೊಬ್ಬರಿಗೆ 2001ರಲ್ಲಿ. ನನ್ನ ಓಟು ಸ್ಪೆನ್ಸ್‌ಗೆ. ನಾನೇ ಕೆಲಸ ಕಲಿಸಿದ ಹುಡುಗರು ನನಗಿಂತ ಮೇಲಿನ ಹುದ್ದೆಗೆ ಹೋದರು. ಆ ಹುದ್ದೆಯ ಆನ್‌ಲೈನ್ ಅರ್ಜಿಯಲ್ಲಿ ‘ಪದವಿ’ ಪಕ್ಕ ಒಂದು ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದೇ ಇಲ್ಲ. ಅನುಭವ ಬರೆಯುವ ಜಾಗ ಇರುವುದು ಆ ಮುಂದಿನ ಪುಟದಲ್ಲಿ!

ಹೀಗಿರುವಾಗ ಅರ್ಧಕ್ಕೆ ಬಿಟ್ಟರೆ ಗತಿಯೇನು? ಸಾಲ ಮೊದಲ ವರ್ಷದಿಂದಲೇ ಬೆಳೆಯುತ್ತದೆ, ಸಂಬಳ ಜಿಗಿಯುವುದು ಸರ್ಟಿಫಿಕೇಟ್ ಕೈಗೆ ಬಂದ ಮೇಲೆ. ಎರಡು ವರ್ಷ ಓದಿ ಬಿಟ್ಟವರು ಆ ನಕ್ಷತ್ರದ ಮುಂದೆ ಓದದವರ ಸಾಲಿನಲ್ಲೇ ನಿಲ್ಲಬೇಕು, ಅದೂ ಸಾಲ ಹೊತ್ತುಕೊಂಡು.

ಹಾಗಾಗಿ ಮುಗಿಸುವುದೇ ಮುಖ್ಯ. ದುಡಿದು ಬಂದು ರಾತ್ರಿ ಪುಸ್ತಕ ಹಿಡಿದಾಗ, ಎಷ್ಟೋ ವರ್ಷದ ನಂತರ ಬರುವ ಸಂಬಳ ನೆನೆಸಿಕೊಂಡರೆ ತೂಕಡಿಕೆ ನಿಲ್ಲುವುದಿಲ್ಲ. ಓದುವ ವಿಷಯವೇ ಹಿಡಿದು ಕೂರಿಸಬೇಕು. ನನ್ನನ್ನು ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್) ಕೂರಿಸುತ್ತದೆ. ಆಫೀಸಲ್ಲಿ ದಿನಾ ಸರಾಸರಿ ತೆಗೆದು ಕೊಡುವವಳು ನಾನು. ಒಬ್ಬರ ಸಂಬಳ ವಿಪರೀತ ಇದ್ದರೆ ಸಾಕು, ಇಡೀ ವಿಭಾಗ ಚೆನ್ನಾಗಿ ದುಡಿಯುತ್ತಿದೆ ಅಂತ ಸರಾಸರಿ ತೋರಿಸಿಬಿಡುತ್ತದೆ. ಮೀಟಿಂಗಲ್ಲಿ ಎಲ್ಲರೂ ತಲೆ ಆಡಿಸುತ್ತಾರೆ. ಇದು ಸರಿಯಿಲ್ಲ ಅಂತ ನನಗೆ ಅನಿಸುತ್ತದೆ, ಯಾಕೆ ಅಂತ ಎದ್ದು ನಿಂತು ವಿವರಿಸಲು ಬರುವುದಿಲ್ಲ.

ಖಾನೆಯಲ್ಲಿ ಇದನ್ನೇ ಬರೆದೆ. ಸಂಬಳದ ಮಾತನ್ನೂ ಸೇರಿಸಿದೆ, ಅಕ್ಕನ ಮಾತು ಸುಳ್ಳೇನಲ್ಲವಲ್ಲ. ಕೆಲಸ ಬಿಡದೆ ಸಂಜೆ ತರಗತಿಗೇ ಸೇರುವುದು ಅಂತ ಆಗಿದೆ. ಸೋಮವಾರ ಕಾಲೇಜಿಗೆ ಫೋನ್ ಮಾಡಿ ಒಂದು ವಿಷಯ ಕೇಳಬೇಕು: ಮಧ್ಯೆ ಒಂದು ವರ್ಷ ನಿಲ್ಲಿಸಬೇಕಾಗಿ ಬಂದರೆ, ಅಲ್ಲಿವರೆಗೆ ಪಾಸಾದ ವಿಷಯಗಳು ಲೆಕ್ಕಕ್ಕೆ ಉಳಿಯುತ್ತವಾ?