ದೇವರ ಪಾಲು

ಉಡುಪಿಗೆ ಬಂದವರೆಲ್ಲ ಕೃಷ್ಣನನ್ನು ನೋಡಿಕೊಂಡು ಹೋಗುತ್ತಾರೆ. ಅವನ ಅಣ್ಣ ಇಲ್ಲೇ ಮಲ್ಪೆಯ ಕಡಲ ಬದಿಯಲ್ಲಿದ್ದಾನೆ ಎನ್ನುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಆಚಾರ್ಯ ಮಧ್ವರು ಉತ್ತರೀಯ ಬೀಸಿ, ಬಿರುಗಾಳಿಗೆ ಸಿಕ್ಕ ಹಡಗನ್ನು ದಡ ಸೇರಿಸಿದ್ದು, ಹಡಗಿನವನು ಕೊಟ್ಟ ಗೋಪಿಚಂದನದ ಗಡ್ಡೆಗಳೊಳಗೆ ಕೃಷ್ಣ ಬಲರಾಮರ ಮೂರ್ತಿಗಳು ಸಿಕ್ಕಿದ್ದು ನಿಮಗೆಲ್ಲ ತಿಳಿದ ಕತೆ. ತಮ್ಮನನ್ನು ಆಚಾರ್ಯರು ಉಡುಪಿಗೆ ಕರೆದೊಯ್ದರು, ಬಲರಾಮ ಮಲ್ಪೆಯ ವಡಭಾಂಡೇಶ್ವರದಲ್ಲಿ ಉಳಿದ. ನಮ್ಮ ಕಡೆಯ ಮೀನುಗಾರರಾದ ಮೊಗವೀರರಿಗೆ ಇದರಲ್ಲಿ ಒಂದು ಸಣ್ಣ ಹೆಮ್ಮೆ ಇದೆ. ತಮ್ಮನಿಗೆ ಅಷ್ಟಮಠ, ಪರ್ಯಾಯ, ಚಿನ್ನದ ರಥ, ಅಣ್ಣನಿಗೆ ನಾವು.

ಈ ಸಲದ ನೂಲ ಹುಣ್ಣಿಮೆಯ ಸಮುದ್ರಪೂಜೆಗೆ ನಾನೂ ಹೋಗಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಬಂದರಿನಲ್ಲಿ ಮೈಗೆ ಮೈ ಒತ್ತಿಕೊಂಡು ನಿಂತಿರುತ್ತವೆ. ನಿಷೇಧದ ದಿನ ಮುಗಿದರೂ, ಕಡಲಿಗೆ ಹಾಲೆರೆದ ಮೇಲೆಯೇ ಬೋಟು ಬಿಡುವ ಮನೆಗಳು ಇನ್ನೂ ಇವೆ. ಬಲರಾಮನಲ್ಲಿ ಪ್ರಾರ್ಥನೆ ಮಾಡಿ, ಮೆರವಣಿಗೆಯಲ್ಲಿ ದಡಕ್ಕೆ ಬಂದು, ಹಾಲು, ಹೂವು, ತೆಂಗಿನಕಾಯಿ ಎಲ್ಲ ಕಡಲಿಗೆ ಒಪ್ಪಿಸಿದ್ದಾಯಿತು. ನನ್ನ ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಕೈಮುಗಿದು ನಿಂತಿದ್ದರು. ಗಾಳಿ ಅವರ ಕಡೆಯಿಂದ ಬೀಸಿತು. ಕರ್ಪೂರ, ಶಂಕರಪುರ ಮಲ್ಲಿಗೆ, ಅದರಡಿಯಲ್ಲಿ ತೆಳ್ಳಗೆ ಬಂಗುಡೆಯ ವಾಸನೆ. ಆಮೇಲಿನ ಪೂಜೆ ಹೇಗೆ ನಡೆಯಿತೋ ನನಗೆ ತಿಳಿಯದು. ಅಜ್ಜಿಯ ಕೈಗಳೇ ಕಣ್ಣೆದುರು ನಿಂತವು.

ಅಜ್ಜಿ ಮೀನು ಮಾರಿ ಐದು ಮಕ್ಕಳನ್ನು ಸಾಕಿದವರು. ಬೆಳಕು ಹರಿಯುವಾಗ ದಡದಲ್ಲಿ ಮೀನು ಕೊಂಡು, ಬುಟ್ಟಿ ತಲೆಗೇರಿಸಿ, ಗದ್ದೆಯ ಬದುಗಳ ಮೇಲೆ ಮೂಡಣದ ಊರುಗಳಿಗೆ ನಡೆದು ಮನೆಮನೆಗೆ ಕೊಟ್ಟು ಬರುತ್ತಿದ್ದರು. ಶನಿವಾರ ಸಂಜೆ ಭಜನೆಗೆ ಹೊರಡುವ ಮೊದಲು ಬಾವಿಕಟ್ಟೆಯ ಹತ್ತಿರ ಕೂತು ಕೈ ತೊಳೆಯುವುದೇ ಅವರಿಗೊಂದು ವ್ರತ. ಮೊದಲು ಒಲೆಯ ಬೂದಿ, ಆಮೇಲೆ ಹುಣಸೆಹುಳಿ, ಕಡೆಗೆ ಉಗುರುಸಂದಿಗೆ ಲಿಂಬೆಸಿಪ್ಪೆ. ತೆಂಗಿನ ನಾರು ಹಿಡಿದು ತಿಕ್ಕಿ ತಿಕ್ಕಿ ಅಂಗೈ ಕೆಂಪಾಗುತ್ತಿತ್ತು. ಮೀನಿನ ಮುಳ್ಳು ಗೀರಿದ ಕಡೆ ಹುಳಿ ಇಳಿದಾಗ ಒಮ್ಮೆ ಹಲ್ಲು ಕಚ್ಚುತ್ತಿದ್ದರು, ಬಾಯಿಂದ ಮಾತಿಲ್ಲ. ಎಲ್ಲ ಆದ ಮೇಲೆ ಎರಡೂ ಕೈಯನ್ನು ನನ್ನ ಮೂಗಿನ ಹತ್ತಿರ ತಂದು ಕೇಳುವುದು:

"ಹೋಯಿತಾ ಮಗಾ?"

ಹೋಗಿರುತ್ತಿರಲಿಲ್ಲ. "ಹೋಯಿತಜ್ಜಿ" ಅನ್ನುತ್ತಿದ್ದೆ.

ಪೇಟೆಯ ಒಂದು ದೇವಸ್ಥಾನದಲ್ಲಿ ಸಾಲು ನಿಂತಿದ್ದಾಗ ಮುಂದಿದ್ದವರು ತಿರುಗಿ ನೋಡಿ ಸೆರಗನ್ನು ಮೂಗಿಗೆ ಒತ್ತಿಕೊಂಡದ್ದು ನನಗೆ ನೆನಪಿದೆ. ಅಜ್ಜಿ ಜಗಳ ಮಾಡಲಿಲ್ಲ. ಸಾಲು ಬಿಟ್ಟು ಬಂದು, ಧ್ವಜಸ್ತಂಭದ ಆಚೆ ನಿಂತು ಕೈಮುಗಿದು, ನನ್ನ ರಟ್ಟೆ ಹಿಡಿದು ಹೊರಟರು. ದಾರಿಯಲ್ಲಿ ನಾನು ಮುಖ ಊದಿಸಿಕೊಂಡಿದ್ದಕ್ಕೆ, "ದೇವರಿಗೇನು ಮೀನಿನ ವಾಸನೆ ಹೊಸತಾ? ಅವನ ಮೊದಲ ಅವತಾರ ಯಾವುದು, ಹೇಳು ನೋಡುವ" ಅಂದರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ದೊಡ್ಡವನಾದ ಮೇಲೆ ನನಗೆ ಇನ್ನೊಂದು ಹೊಳೆಯಿತು. ಮಧ್ವರು ಗುರುವೆಂದು ನಂಬಿದ್ದು ವೇದವ್ಯಾಸರನ್ನು. ಆ ವ್ಯಾಸರನ್ನು ಹೆತ್ತದ್ದು ದೋಣಿ ದಾಟಿಸುತ್ತಿದ್ದ ಮತ್ಸ್ಯಗಂಧಿ. ಪರಾಶರರ ವರದಿಂದ ಅವಳ ಮೈಯ ವಾಸನೆ ಹೋಗಿ ಯೋಜನಗಂಧಿಯಾದಳು. ನನ್ನ ಅಜ್ಜಿಗೆ ಅಂಥ ವರ ಕೊಡುವವರು ಸಿಗಲಿಲ್ಲ, ಹುಣಸೆಹುಳಿಯೇ ಗತಿ.

ನಮ್ಮೂರಿನ ಭಜನಾ ಮಂದಿರವನ್ನು ಕಟ್ಟಿದ್ದು ಅಂಥ ಕೈಗಳು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಹೊಯ್ಗೆಯ (ಮರಳಿನ) ಮೇಲೆ ತೆಂಗಿನ ಮಡಲಿನ ಮನೆಗಳು. ಬಾವಿ ನೀರು ಉಪ್ಪು. ಮಳೆಗಾಲದ ಆಟಿ ತಿಂಗಳಲ್ಲಿ ಕಡಲು ಕೆರಳಿದರೆ ಒಪ್ಪೊತ್ತಿನ ಗಂಜಿ, ಒಣಮೀನು, ಸಾಹುಕಾರರ ಸಾಲ. ಆ ಹೊಯ್ಗೆಯಲ್ಲಿ ಊರಿನ ಮುಖ್ಯಸ್ಥರಾದ ಗುರಿಕಾರರು ಮತ್ತು ಹಿರಿಯರು ಸೇರಿ ಮೊದಲು ಮಾಡಿದ ಕೆಲಸ ಮಡಲು ಹೊದೆಸಿದ ಒಂದು ಚಪ್ಪರದಲ್ಲಿ ದೇವರ ಪಟ ಇಟ್ಟು ಶನಿವಾರದ ಭಜನೆ ಶುರುಮಾಡಿದ್ದು. ಹೊಟ್ಟೆಗಿಲ್ಲದ ಊರಿಗೆ ಮೊದಲು ಬೇಕಾದದ್ದು ತಾಳ, ಜಾಗಟೆಯೇ ಎಂದು ಈಗಿನವರು ಕೇಳಬಹುದು. ಕೇಳಲಿ. ಕುಡಿದವನು ತಾಳ ಮುಟ್ಟಬಾರದು ಎಂಬ ನೇಮ ಮಾಡಿದ್ದರು, ಅಷ್ಟೆ. ತಾಳ ಹಿಡಿಯುವ ಆಸೆಗೆ ಶನಿವಾರ ಮಾತ್ರ ಕುಡಿತ ಬಿಟ್ಟವರು ಕೆಲವರು, ಪೂರ್ತಿ ಬಿಟ್ಟವರು ಕೆಲವರು. ನನ್ನ ಅಜ್ಜ ಎರಡನೆಯವರ ಪೈಕಿ. ಮನೆಗೆ ಅಕ್ಕಿ ಬರಲು ಶುರುವಾದದ್ದು ಆಮೇಲೆ ಎಂದು ಅಜ್ಜಿ ಸಾಯುವ ತನಕ ಹೇಳುತ್ತಿದ್ದರು.

ಆಗ ರಂಪಣಿಯ ಕಾಲ. ಈಗಿನ ಮಕ್ಕಳು ಅದನ್ನು ನೋಡಿಲ್ಲ. ಹಲವು ಮನೆಗಳ ಬಲೆ ಸೇರಿಸಿ ಒಂದು ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಮೀನಿನ ಹಿಂಡನ್ನು ಸುತ್ತುವರಿದು ಬಂದರೆ, ದಡದಲ್ಲಿ ಎರಡು ಬದಿಗೆ ನಿಂತು ಊರಿಗೆ ಊರೇ ಹಗ್ಗ ಎಳೆಯಬೇಕು. ಬಂಗುಡೆ, ಬೂತಾಯಿ ರಾಶಿ ಬಿದ್ದು ಮಾರಾಟವಾದ ಮೇಲೆ ಪಾಲು ಮಾಡುವುದು. ಎಲ್ಲಕ್ಕಿಂತ ಮೊದಲು ಎತ್ತಿಡುವುದು ದೇವರ ಪಾಲು. ಅದು ದೀಪದ ಎಣ್ಣೆಗೆ ಹೋಗುತ್ತಿತ್ತು, ಅಲ್ಲಿಗೇ ಮುಗಿಯುತ್ತಿರಲಿಲ್ಲ. ಊರಿನ ಮೊದಲ ಸಿಹಿನೀರಿನ ಬಾವಿ ಅದೇ ಹಣದ್ದು. ಶಾಲೆಯ ಮಾಡಿಗೆ ಹಂಚು ಬಂದದ್ದು ಅದರಿಂದ. ಕಡಲಿಗೆ ಹೋದವನು ತಿರುಗಿ ಬಾರದಿದ್ದರೆ ಆ ಮನೆಗೆ ಕೆಲವು ತಿಂಗಳ ಅಕ್ಕಿ ಮಂದಿರದ ಲೆಕ್ಕದಲ್ಲಿ ಹೋಗುತ್ತಿತ್ತು, ಯಾರೂ ಕೇಳಬೇಕಾಗಿರಲಿಲ್ಲ. ದಾನ ಎಂದು ಅದನ್ನು ಯಾರೂ ಕರೆದದ್ದಿಲ್ಲ. ದೇವರು ಕೊಡುತ್ತಾನೆ, ತೆಗೆದುಕೊಳ್ಳುವವರು ತಲೆ ತಗ್ಗಿಸಬೇಕಾಗಿಲ್ಲ. ಇಷ್ಟು ಮರ್ಯಾದೆಯಿಂದ ಬಡವರಿಗೆ ಕೊಡುವುದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಊರಿನ ಹುಡುಗರು ಬೊಂಬಾಯಿಗೆ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆದರು. ಅಲ್ಲಿಯೂ ನಮ್ಮವರು ಸುಮ್ಮನೆ ಕೂರಲಿಲ್ಲ. 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದರು, ಹಗಲು ದುಡಿಯುವ ಹುಡುಗರಿಗೆ ರಾತ್ರಿಶಾಲೆ ನಡೆಸಿದರು. 1946ರಲ್ಲಿ ಮೊಗವೀರ ಬ್ಯಾಂಕೂ ಆಯಿತು. ನನ್ನ ದೊಡ್ಡ ಮಾವ ಅಂಥ ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತರಾದವರು. ಅವರ ಮನಿಯಾರ್ಡರ್ ಫಾರಮಿನ ಕೆಳಗೆ ಯಾವಾಗಲೂ ಎರಡು ಸಾಲು: ಇಷ್ಟು ಮನೆಗೆ, ಇಷ್ಟು ಏಕಾಹ ಭಜನೆಗೆ. ಇಲ್ಲಿ ಅಜ್ಜಿಯ ಹತ್ತಿರವೂ ಎರಡು ಡಬ್ಬಿ. ಒಂದು ಮಂದಿರಕ್ಕೆ, ಇನ್ನೊಂದು ಬ್ಯಾಂಕಿನ ಪಿಗ್ಮಿ ಉಳಿತಾಯಕ್ಕೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು ಹುಟ್ಟಿದ್ದು ಉಡುಪಿಯಲ್ಲೇ, 1925ರಲ್ಲಿ. 1928ರಲ್ಲಿ ಅವರು ದಿನಕ್ಕೆ ಎರಡಾಣೆಯ ಪಿಗ್ಮಿ ಶುರುಮಾಡಿ ಮನೆಬಾಗಿಲಿಗೆ ಜನ ಕಳಿಸಿದರು. ದಿನದ ಗಳಿಕೆಯಲ್ಲಿ ಮೊದಲು ಒಂದಿಷ್ಟು ಎತ್ತಿಡುವುದು ನಮ್ಮ ಕರಾವಳಿಯ ಹೆಂಗಸರಿಗೆ ಹೊಸತಾಗಿರಲಿಲ್ಲ. ದೇವರು ಆಗಲೇ ಕಲಿಸಿದ್ದ.

ಎಪ್ಪತ್ತರ ದಶಕದ ನಡುವೆ, ಕಡಲಲ್ಲೇ ಮೀನಿನ ಹಿಂಡನ್ನು ಸುತ್ತುವರಿಯುವ ದೊಡ್ಡ ಬಲೆಯ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಬಲೆಗೆ ಬಿತ್ತು, ಕೆಲವೇ ವರ್ಷಗಳಲ್ಲಿ ರಂಪಣಿ ಮುಗಿಯಿತು. ಆ ಸಿಟ್ಟು, ಆ ಹೊಡೆದಾಟ ಇಲ್ಲಿ ಬರೆಯುವುದು ಬೇಡ. ಆದರೆ ಊರೆಲ್ಲ ಸೇರಿ ಎಳೆಯುವ ಹಗ್ಗ ಹೋದ ಮೇಲೆ ಮೊದಲು ಎತ್ತಿಡುವ ಪಾಲೂ ಹೋಯಿತು. ಬೋಟಿನವರು ಈಗಲೂ ಧಾರಾಳವಾಗಿ ಕೊಡುತ್ತಾರೆ, ಸುಳ್ಳು ಹೇಳಬಾರದು. ಕೊಟ್ಟವರ ಹೆಸರು ಕಲ್ಲಿನ ಮೇಲೆ ಬರುತ್ತದೆ. ದೇವರ ಪಾಲಿಗೆ ಹೆಸರಿರಲಿಲ್ಲ.

ಉಚ್ಚಿಲದ ಮಹಾಲಕ್ಷ್ಮಿ ಅಮ್ಮನ ದೇವಸ್ಥಾನ ಹೊಸದಾಗಿ ಕಟ್ಟಿ 2022ರಲ್ಲಿ ಬ್ರಹ್ಮಕಲಶ ಆದಾಗ ನಮ್ಮವರು ಹಗಲಿರುಳು ದುಡಿದದ್ದನ್ನು ನೋಡಿ ಕಣ್ತುಂಬಿ ಬಂದಿತ್ತು. ಬುಟ್ಟಿ ಹೊತ್ತ ತಲೆಗಳು ಅಲ್ಲಿ ಹೊರೆಕಾಣಿಕೆ ಹೊತ್ತಿದ್ದವು. ಅಮ್ಮನಿಗೆ ಎಷ್ಟು ವೈಭವ ಮಾಡಿದರೂ ಕಡಿಮೆಯೇ. ನನ್ನ ಬೇಸರ ಇರುವುದು ನಮ್ಮೂರಿನ ಸಣ್ಣ ಮಂದಿರದ ವಿಷಯದಲ್ಲಿ. ನೆಲಕ್ಕೆ ಗ್ರಾನೈಟ್ ಆಯಿತು, ಧ್ವನಿವರ್ಧಕ ಹೊಸದಾಯಿತು, ವಾಚನಾಲಯದ ಕಪಾಟಿಗೆ ಬೀಗ ಬಿತ್ತು. ಕುಣಿತ ಭಜನೆಗೆ ಮಕ್ಕಳು ಬರುತ್ತಾರೆ, ಅದು ಸಂತೋಷ. ಹಿಂದೆ ಮೂಲೆಯಲ್ಲಿ ಕೂರುತ್ತಿದ್ದ ಹೆಣ್ಣುಮಕ್ಕಳು ಈಗ ಮುಂದೆ ನಿಂತು ದಾಸರ ಪದ ಎತ್ತಿಕೊಳ್ಳುತ್ತಾರೆ. ಏಕಾಹದ ನಡುರಾತ್ರಿಯ ಪಾಳಿಗೆ ಮಾತ್ರ ಜನವಿಲ್ಲ. ಸೂರ್ಯೋದಯದಿಂದ ಸೂರ್ಯೋದಯದವರೆಗೆ ನಂದಾದೀಪ ಆರಬಾರದು, ಹಾಡು ನಿಲ್ಲಬಾರದು ಎನ್ನುವುದು ನೇಮ. ಕಳೆದ ವರ್ಷ ಎರಡು ಗಂಟೆಯ ಹೊತ್ತಿಗೆ ಮೈಕಿನ ಮುಂದೆ ಮೊಬೈಲ್ ಇಟ್ಟು ಹಾಡಿಸಿ ಮಲಗಿದವರಿದ್ದರು. ಪುಣ್ಯ ಬರುವುದಿದ್ದರೆ ಆ ಮೊಬೈಲಿಗೆ ಬರಬೇಕು.

ಸಮುದ್ರಪೂಜೆಯಿಂದ ಬಂದ ವಾರವೇ ಮಂದಿರದ ಮಹಾಸಭೆ ಇತ್ತು. ಗರ್ಭಗುಡಿಯ ಬಾಗಿಲಿಗೆ ಬೆಳ್ಳಿ ಹೊದೆಸುವ ವಿಷಯ. ಮುಂಬಯಿಯ ದಾನಿಗಳು ಒಪ್ಪಿಯೂ ಆಗಿತ್ತು, ಚಪ್ಪಾಳೆಯೂ ಬಿತ್ತು. ಆಗ ಹಿಂದಿನ ಸಾಲಿನಿಂದ ಮೀನು ಮಾರುವ ಅಕ್ಕ ಒಬ್ಬರು ಎದ್ದು, "ಬಾಗಿಲಿಗೆ ಬೆಳ್ಳಿ ಬರಲಿ, ಸಂತೋಷ. ನನ್ನ ಮೊಮ್ಮಗ ಹತ್ತನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಫೇಲು. ಅವನಿಗೆ ಮಂದಿರದಲ್ಲಿ ಹೇಳಿಕೊಡುವವರು ಯಾರಾದರೂ ಇದ್ದಾರಾ ಗುರಿಕಾರ್ರೇ?" ಎಂದು ಕೇಳಿದರು. ಸ್ವಲ್ಪ ಹೊತ್ತು ಯಾರಿಗೂ ಮಾತು ಹೊರಡಲಿಲ್ಲ. ಆಮೇಲೆ ಅವರ ಸ್ವಸಹಾಯ ಸಂಘದ ಹೆಂಗಸರೇ ತಮ್ಮ ಉಳಿತಾಯದಲ್ಲಿ ತಿಂಗಳಿಗೆ ಇಷ್ಟು ಎಂದು ತೆಗೆದಿಡುವ ಮಾತಾಡಿದರು. ನಿರ್ಣಯ ಪುಸ್ತಕದಲ್ಲಿ ಅದನ್ನು ಯಾವ ಲೆಕ್ಕಕ್ಕೆ ಬರೆಯುವುದು ಎಂದು ಕಾರ್ಯದರ್ಶಿ ಕೇಳಿದಾಗ, ವಯಸ್ಸಾದ ಗುರಿಕಾರರು "ದೇವರ ಪಾಲು ಅಂತ ಬರಿ" ಅಂದರು.

ವಾಚನಾಲಯದ ಕಪಾಟಿನ ಬೀಗದ ಕೈ ಸಿಕ್ಕಿದೆ. ಪುಸ್ತಕಗಳಿಗೆ ಗೆದ್ದಲು ಹಿಡಿದಿರಲಿಲ್ಲ, ಅಮ್ಮನ ದಯೆ. ಮುಂದಿನ ಏಕಾಹಕ್ಕೆ ಬರುವವರು ಎಣ್ಣೆ, ಹೂವಿನ ಜೊತೆ ಒಂದೊಂದು ನೋಟ್‌ಬುಕ್ ತನ್ನಿ. ಲೆಕ್ಕ ಹೇಳಿಕೊಡಬಲ್ಲವರು ಊರಲ್ಲಿದ್ದರೆ ಶನಿವಾರ ಭಜನೆಗಿಂತ ಒಂದು ಗಂಟೆ ಮೊದಲು ಬನ್ನಿ. ಇಂಗ್ಲಿಷಿಗೆ ಆಗಲೇ ಒಬ್ಬರು ಒಪ್ಪಿದ್ದಾರೆ.