ಮುಚ್ಚಳ ತೆಗೆದೇ ಕುದಿಸಿ

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಬಹಳ. 1978ರಲ್ಲಿ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಅಮೆರಿಕದಲ್ಲಿ ಮನೆ ಬಳಕೆಯ ಬಿಯರಿಗೆ ತೆರಿಗೆ ಇಲ್ಲ. ಮಾರುವ ಹಾಗಿಲ್ಲ, ಅಷ್ಟೆ. ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೂ ಅದೇ ಹುಚ್ಚು. ಒಂದು ಶನಿವಾರ ನನ್ನನ್ನೂ ಕರೆದರು.

ನಾನು ಹೋಗುವಷ್ಟರಲ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನೆನೆಸಿ ಸೋಸಿದ ಸಿಹಿ ನೀರು, ಅಂದರೆ ವರ್ಟ್, ಹಿತ್ತಲಿನ ಗ್ಯಾಸ್ ಒಲೆ ಮೇಲಿತ್ತು. ಸುಮಾರು 25 ಲೀಟರ್.

"ಈಗ ಫೋನ್ ಒಳಗಿಡಿ" ಎಂದರು. ಯಾಕೆ ಅಂತ ಬೇಗ ಗೊತ್ತಾಯಿತು. ಕುದಿ ಹತ್ತುತ್ತಿದ್ದ ಹಾಗೆ ನೊರೆ ಸರ್ರನೆ ಅಂಚಿಗೆ ಬಂತು. ಅವರು ಉರಿ ಇಳಿಸಿದರು, ನಾನು ಸೌಟಾಡಿಸಿದೆ. ಸ್ವಲ್ಪ ಹೊತ್ತಿಗೆ ಬಾರ್ಲಿಯ ಪ್ರೋಟೀನ್ ಹಾಲೊಡೆದ ಹಾಗೆ ಚೂರುಚೂರಾಗಿ ಒಡೆದು ನೊರೆ ತಾನೇ ಕುಸಿಯಿತು. ಆಮೇಲೆ ಮೊದಲ ಕಂತಿನ ಹಾಪ್ಸ್, ಬಿಯರಿಗೆ ಕಹಿ, ಘಮ ಎರಡೂ ಕೊಡುವ ಹೂವು. ಕಹಿ ಬಿಡೋದಕ್ಕೆ ಅದು ಒಂದು ಗಂಟೆಯಾದರೂ ಕುದಿಯಬೇಕಂತೆ.

ಮುಚ್ಚಿದರೆ ಗ್ಯಾಸ್ ಉಳಿಯುತ್ತಲ್ವಾ ಅಂತ ಕೇಳಿದೆ. ಮೇಷ್ಟ್ರು ಪಾಠ ಶುರು ಮಾಡಿದರು. ಮಾಲ್ಟಿನಲ್ಲಿರುವ ಒಂದು ಅಂಶ ಬಿಸಿಗೆ ಡೈಮಿಥೈಲ್ ಸಲ್ಫೈಡ್ ಆಗುತ್ತದೆ. ಅದರದು ಬೇಯಿಸಿದ ಮುಸುಕಿನ ಜೋಳದ ವಾಸನೆ. ಆವಿ ಜೊತೆ ಹೊರಗೆ ಹೋದರೆ ಪೀಡೆ ತೊಲಗಿತು. ಮುಚ್ಚಿದರೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ. ತಿಳಿ ಬಣ್ಣದ ಪಿಲ್ಸ್ನರ್ ಮಾಲ್ಟಿನಲ್ಲಿ ಆ ಅಂಶ ಜಾಸ್ತಿ, ಅದಕ್ಕೇ 90 ನಿಮಿಷ. ಸುಮ್ನೆ ಸಣ್ಣಗೆ ಕುದಿದರೆ ಸಾಲದು, ಕೊತಕೊತ ಮಗುಚಬೇಕು.

ಕೊನೆಯ ಕಾಲು ಗಂಟೆಗೆ ಐರಿಷ್ ಮಾಸ್ ಅನ್ನೋ ಒಣಗಿದ ಕಡಲ ಪಾಚಿ ಹಾಕಿದರು. ಆಲೆಮನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಲು ಬೆಂಡೆ ಗಿಡದ ಲೋಳೆ ಹಾಕುತ್ತಾರಲ್ಲ, ಅದೇ ಕೆಲಸ. ನಾನು ಹೇಳಿದ್ದೇ ತಡ, ಪುಸ್ತಕ ತೆಗೆದು ಬರೆದುಕೊಂಡರು. ಮುಂದಿನ ಸಲ ಬೆಂಡೆಕಾಯಿ ಹಾಕಿಬಿಡ್ತಾರೇನೋ ಅಂತ ಭಯವೂ ಆಯಿತು.

ಘಮಕ್ಕೆ ಹಾಕುವ ಹಾಪ್ಸ್ ಕಡೇ ಐದು ನಿಮಿಷಕ್ಕೆ. ಮೊದಲೇ ಹಾಕಿದರೆ ಪರಿಮಳವೆಲ್ಲ ಹಾರಿಹೋಗುತ್ತದೆ. ಅವರು ಹಾಕಿದ್ದು ಕ್ಯಾಸ್ಕೇಡ್, 1972ರಲ್ಲಿ ಇದೇ ಒರೆಗಾನ್‌ನಿಂದ ಹೊರಬಂದ ತಳಿ.

ಉರಿ ಆರಿಸಿದ ಮೇಲೂ ಬಿಡುವಿಲ್ಲ. ವರ್ಟ್ ಬಿಸಿಯಾಗಿರುವಷ್ಟು ಹೊತ್ತೂ ಆ ಜೋಳದ ವಾಸನೆ ಹುಟ್ಟುತ್ತಲೇ ಇರುತ್ತದೆ. ತಾಮ್ರದ ಸುರುಳಿ ಮುಳುಗಿಸಿ ಅದರೊಳಗೆ ತಣ್ಣೀರು ಹರಿಸಿದೆವು. 20 ಡಿಗ್ರಿಗೆ ಇಳಿದ ಮೇಲೆ ಯೀಸ್ಟ್.

ಬಿಯರ್ ತಯಾರಾದಾಗ ನನಗೂ ಒಂದು ಬಾಟಲಿ ಬಂತು. ಜೋಳದ ವಾಸನೆ ಇರಲಿಲ್ಲ. ಕಹಿ ಮಾತ್ರ ಒಂಚೂರು ಜಾಸ್ತಿ. ಮೊದಲ ಕಂತು ಕಡಿಮೆ ಮಾಡಿ ಅಂದೆ, ಮೇಷ್ಟ್ರು ಒಪ್ಪಲಿಲ್ಲ.